ಜರ್ಮನ್ ಡಬ್ಬಿಯ ಕೂಗು

ನಮ್ಮ ಮನೆ, ಗಿರಣಿ ಪಕ್ಕ,
ತಾಲೂಕು ಇಂಡಿ.
ಡಿಸೆಂಬರ್ ತಿಂಗಳು, ಮಂಗಳವಾರ ಇರಬೇಕು. ತಾರೀಖು ಮೊಬೈಲಿನೊಳಗಿತ್ತು, ಮೊಬೈಲ್ ಸತ್ತಿದೆ.

ಪ್ರೀತಿಯ ತಬ್ರೇಜನ ಅವ್ವಾ, ನಿನಗೆ ಸಲಾಂ.

ಮೊದಲು ಇಷ್ಟು ಓದಿ ಒಂದು ಗುಟುಕು ನೀರು ಕುಡಿ. ನಮ್ಮ ಮಗ ಕಂಬದಿಂದ ಬಿದ್ದದ್ದು ಖರೆ, ಉಳಿದದ್ದೆಲ್ಲ ಸುಳ್ಳು. ಜೀವಂತ ಇದ್ದಾನೆ, ಎರಡೂ ಹೊತ್ತು ಉಣ್ಣುತ್ತಾನೆ. ಬಲಗಾಲಿನ ಕೀಲಿನ ಹತ್ತಿರ ಎಲುಬು ಮುರಿದಿದೆ, ಇಂಡಿಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದೇವೆ. ಬೆನ್ನ ತುಂಬ ನಿಂಬೆಗಿಡದ ಮುಳ್ಳು ನಟ್ಟಿದ್ದವು, ಶಬಾನಾ ಸೂಜಿ ಹಿಡಿದು ಒಂದೊಂದಾಗಿ ತೆಗೆದಿದ್ದಾಳೆ. ಗಂಡನಿಗೆ ಸೂಜಿ ಚುಚ್ಚುವ ಇಂಥ ಅವಕಾಶ ಯಾವ ಹೆಂಡತಿಗೆ ಸಿಗುತ್ತದೆ, ಆದರೆ ಪಾಪ, ನಮ್ಮ ಸೊಸೆ ಅಳುತ್ತಲೇ ತೆಗೆದಳು.

ನಿಂಬೆಹಣ್ಣಿನ ಟೆಂಪೋದ ಖಾಜಾಸಾಬ ನಿನ್ನ ಮಾತನ್ನು ಇದ್ದದ್ದು ಇದ್ದ ಹಾಗೆ ಬಂದು ಒಪ್ಪಿಸಿದ. "ಖರೇ ಏನೈತಿ ಅದನ್ನ ಬರೀ ಅಂತ ಹೇಳಣ್ಣಾ. ಸಾಯೂ ಸುದ್ದಿ ಇದ್ರೂ ನಗಸಾಕ ನೋಡ್ತಾನ ಆ ಮನಷ್ಯಾ. ಅವನ ಬಾಯಿ ನಾ ನಂಬೂದಿಲ್ಲ, ಕಾಗದಾ ಕಳಸಲಿ." ಹೇಳುವಾಗ ಅವನ ಕೈ ಕೂಡ ನಿನ್ನ ಕೈಯ ಹಾಗೆಯೇ ತಿರುಗಿತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದಕ್ಕೇ ಈ ಕಾಗದ. ನಾನು ಸಾಲಿಗೆ ಹೋದದ್ದು ಎಷ್ಟು ಎಂದು ನಿನಗೆ ಗೊತ್ತೇ ಇದೆ, ಆದರೂ ಪೆನ್ನು ಹಿಡಿದರೆ ಪುಸ್ತಕದ ಕನ್ನಡವೇ ಬರುತ್ತದೆ. ಆ ಮಾಸ್ತರರ ಬೆತ್ತ ಇನ್ನೂ ಅಂಗೈಯೊಳಗೆ ಕುಳಿತಿದೆ. ತಪ್ಪಿದ್ದಲ್ಲಿ ನೀನೇ ತಿದ್ದಿಕೋ, ಮೂವತ್ತು ವರ್ಷದಿಂದ ಅದೇ ಕೆಲಸ ತಾನೆ ನಿನ್ನದು.

ಕಾಗದದ ತಲೆಯಲ್ಲೇ ಕೇಳಬೇಕಾದ್ದನ್ನು ಈಗ ಕೆಳಗೆ ಕೇಳುತ್ತೇನೆ. ಅಲ್ಲಿ ತವರಿನಲ್ಲಿ ಅತ್ತಿಯ ಕಣ್ಣು ಹೇಗಿದೆ? ಆಪರೇಶನ್ ಆದ ಕಣ್ಣಿಗೆ ಇಂಗಳೇಶ್ವರದ ಈ ಥಂಡಿ ಗಾಳಿ ಬಡಿಯದ ಹಾಗೆ ನೋಡಿಕೋ. ಹನಿ ಹಾಕುವ ಹೊತ್ತು ತಪ್ಪಿಸಬೇಡ. ಪಟ್ಟಿ ಬಿಚ್ಚಿದ ದಿನ ಮೊದಲು ಯಾವುದಾದರೂ ಒಳ್ಳೆಯ ಮುಖ ತೋರಿಸು, ನನ್ನ ಫೋಟೋ ತೋರಿಸಿ ಆಪರೇಶನ್ ಕೆಡಿಸಬೇಡ. ನಿಮ್ಮ ಕಡೆ ಕರೆಂಟ್ ಬಂದಿದೆಯಂತೆ, ಬಾಗೇವಾಡಿಯಲ್ಲಿ ಮರುದಿನವೇ ಬಂತಂತೆ. ಖಾಜಾಸಾಬ ಹೇಳಿದಾಗ ನಾವೆಲ್ಲ ಅವನ ಮುಖವನ್ನೇ ನೋಡಿದೆವು, ಅವನೇನೋ ಮಕ್ಕಾ ಮುಗಿಸಿಕೊಂಡು ಬಂದಿದ್ದಾನೆ ಎನ್ನುವಂತೆ.

ಇಲ್ಲಿಯ ಕಥೆ ಕೇಳು. ನೀನು ಹೋದ ಮಾರನೇ ದಿನ ಮಧ್ಯಾಹ್ನವೇ ಆಕಾಶ ಹಂಚಿನ ತಳದ ಹಾಗೆ ಕಪ್ಪಾಯಿತು. ಚಳಿಗಾಲದಲ್ಲಿ ಇಂಥ ಗಾಳಿ, ಇಂಥ ಮಳೆ ನಾನಂತೂ ಕಂಡಿಲ್ಲ. ರಾಶಿಗೆ ಬಂದ ತೊಗರಿ ನೆನೆದು ಕುಳಿತಿದೆ, ನಿಂತ ಜೋಳ ಮಲಗಿದೆ. ನಮ್ಮ ಗಿರಣಿಯ ಎರಡು ತಗಡು ಹಾರಿ ಆನಂದತೀರ್ಥ ರಾಯರ ನಿಂಬೆ ತೋಟದಲ್ಲಿ ಇಳಿದವು. ರಾಯರು ಒಳ್ಳೆಯವರು, ಬಾಡಿಗೆ ಕೇಳಿಲ್ಲ. ಊರಿನಿಂದ ಡಾಂಬರು ರಸ್ತೆಯವರೆಗೆ ಕರೆಂಟಿನ ಕಂಬಗಳು ನಮಾಜಿಗೆ ನಿಂತವರ ಹಾಗೆ ಸಾಲಾಗಿ ಬಗ್ಗಿದವು, ಕೆಲವು ಪೂರಾ ನೆಲಕ್ಕೆ ಹತ್ತಿದವು. ಅಷ್ಟೇ, ಊರು ಕತ್ತಲಾಯಿತು. ಮೊಬೈಲ್ ಟವರೂ ಮಲಗಿತು. ಹಳ್ಳದ ಮೇಲೆ ನೀರು ಬಂದು ಬಸ್ಸು ನಿಂತಿತು. ಟಿವಿ ಇಲ್ಲ, ಮೊಬೈಲ್ ಇಲ್ಲ, ಮಂದಿ ಒಬ್ಬರ ಮುಖ ಒಬ್ಬರು ನೋಡುವ ಪಾಳಿ ಬಂತು. ನೋಡಿದ ಮೇಲೆ ಜಗಳ ಹೆಚ್ಚಾಗಿವೆ.

ಚಳಿಗೇನೋ ತೊಗರಿ ಕಟ್ಟಿಗೆ ಹಚ್ಚಿ ಕುಳಿತರು. ಬೆಳಕಿಗೆ ಚಿಮಣಿ ಹಚ್ಚಿದರು. ಆದರೆ ಹಿಟ್ಟಿಗೆ ಏನು ಮಾಡುವುದು? ಎರಡು ದಿನಕ್ಕೆ ಎಲ್ಲರ ಮನೆಯ ಹಿಟ್ಟು ಮುಗಿಯಿತು. ಗಿರಣಿಯ ಕಟ್ಟೆಯ ಮೇಲೆ ಜೋಳದ ಡಬ್ಬಿಗಳ ಪಾಳಿ ಹತ್ತಿತು. ಡಬ್ಬಿ ಇಟ್ಟು ಮಂದಿ ಮನೆಗೆ ಹೋಗುತ್ತಾರೆ, ಡಬ್ಬಿಗಳು ನನ್ನನ್ನೇ ನೋಡುತ್ತಾ ಕೂಡುತ್ತವೆ. ಪಕ್ಕದ ಶಮಶಾದಬಿ ಅಟ್ಟದ ಮೇಲಿದ್ದ ಬೀಸುವ ಕಲ್ಲು ಇಳಿಸಿ ತೊಳೆದು ಒಣಗಿಸಿದಳು. ಆ ವಯಸ್ಸಿನಲ್ಲಿ ತನ್ನ ಮನೆಯದು ಬೀಸಿ, ಬಾಣಂತಿ ಇದ್ದ ಮನೆಗಳದ್ದೂ ಬೀಸಿಕೊಟ್ಟಳು. ನನ್ನನ್ನು ಕಂಡರೆ ಕಲ್ಲು ನಿಲ್ಲಿಸಿ ಒಂದು ಮಾತು ಒಗೆಯದೆ ಬಿಡುತ್ತಿರಲಿಲ್ಲ. "ಏ ನಬಿಲಾಲ, ನಿನ್ನ ಗಿರಣಿ ಮುಂದ ನನ್ನ ಕಲ್ಲು ಪಾಡ ನೋಡು. ಇದಕ್ಕ ಎಣ್ಣೀನೂ ಬ್ಯಾಡ, ಕರೆಂಟೂ ಬ್ಯಾಡ, ನಿನ್ನಂಥ ಬಾಯಿಬಡಕಾನೂ ಬ್ಯಾಡ." ನಾನು ಅಂದೆ, "ಅಕ್ಕಾ, ಒಂದು ಕೆಲಸಾ ಮಾಡು, ನಿನ್ನನ್ನ ತಂದು ನನ್ನ ಗಿರಣ್ಯಾಗ ಕೂಡಸ್ತೇನಿ, ಬೋರ್ಡ್ ಮ್ಯಾಲ ನಿನ್ನ ಹೆಸರ ಬರಸ್ತೇನಿ." ನಕ್ಕಳು. ಆದರೆ ನಗುವಾಗ ತೋಳು ಹಿಡಿದುಕೊಂಡಳು, ನಾನು ನೋಡಿದೆ.

ತಬ್ರೇಜ ಆ ದಿನಗಳಲ್ಲಿ ಮನೆಗೆ ಬಂದದ್ದೇ ಕಡಿಮೆ. ಮುಂಜಾನೆ ಹೊರಟರೆ ಕಂಬ ಎತ್ತುವುದು, ತಂತಿ ಎಳೆಯುವುದು, ಮೈಯೆಲ್ಲ ಕೆಸರು. ಊರವರಿಗೆ ಮಾತ್ರ ಮಜಾಕು. "ಲೈನ್‌ಮನ್ ಮನ್ಯಾಗ ಚಿಮಣಿ ಉರಿಯಾಕತ್ತೈತಿ ನೋಡ್ರಿ" ಎಂದು ಹಾದುಹೋಗುವವರೆಲ್ಲ ಅನ್ನುವರು. ನಾನೂ ಒಂದು ದಿನ ತಡೆಯಲಾರದೆ ಕೇಳಿದೆ, ಗಿರಣಿಯ ಲೈನ್ ಮೊದಲು ನೋಡಬಾರದೇನೋ ಎಂದು. ಅವನು ರೊಟ್ಟಿ ಮುರಿಯುತ್ತಲೇ ಹೇಳಿದ, "ಮೊದಲ ಕುಡಿಯೂ ನೀರಿನ ಟಾಕಿ, ಆಮ್ಯಾಲ ದವಾಖಾನಿ, ಆಮ್ಯಾಲ ಗಿರಣಿ. ಅಪ್ಪನ ಗಿರಣಿ ಅಂತ ಮೊದಲ ಮಾಡಿದ್ರ ಮಂದಿ ನನ್ನ ಕಂಬಕ್ಕ ಕಟ್ತಾರಪಾ." ನಾನು ಸುಮ್ಮನಿರಬೇಕೋ ಇಲ್ಲವೋ, "ಕಟ್ಟಲಿ ಬಿಡು, ಹೆಂಗೂ ನಿನ್ನ ಸಂಸಾರ ಕಂಬದ ಮ್ಯಾಲೇ ಐತಿ" ಎಂದೆ. ನಕ್ಕು ಎದ್ದು ಹೋದ. ನನ್ನ ಮಜಾಕಿಗೆ ಅವನು ನಕ್ಕದ್ದು ಅದೇ ಕೊನೆ.

ಮುಂದಿನದನ್ನು ನಗಿಸಿ ಹೇಳಲು ನನಗೂ ಬರುವುದಿಲ್ಲ. ಸಿಂದಗಿಯ ಪೆಂಡಾಲದವನೊಬ್ಬ ರಾಯರ ಓಣಿಯ ಮದುವೆಗೆಂದು ಟ್ರ್ಯಾಕ್ಟರಿಗೆ ಕಟ್ಟಿದ ಜನರೇಟರ್ ತಂದಿದ್ದ. ಮಳೆಗೆ ಮದುವೆಯೇ ಮುಂದಕ್ಕೆ ಹೋಯಿತು, ಅವನು ಹಳ್ಳದ ಈ ಕಡೆ ಸಿಕ್ಕಿಬಿದ್ದ. ಶಮಶಾದಬಿ ತೋಳು ಹಿಡಿದುಕೊಂಡದ್ದು ನೋಡಿ ಬಂದ ನನಗೆ ಆ ಟ್ರ್ಯಾಕ್ಟರ್ ಕಂಡಿತು. ಒಂದು ದಿನ ಗಿರಣಿಗೆ ಹಚ್ಚಿಕೊಡು ಎಂದೆ. ಪಾಪ, ಒಳ್ಳೆಯ ಹುಡುಗ, ತಂದು ನಿಲ್ಲಿಸಿದ. ಸುದ್ದಿ ಹಬ್ಬಿ ಹೆಂಗಸರೆಲ್ಲ ಗಿರಣಿಯ ಮುಂದೆ ನೆರೆದರು. ಇಷ್ಟು ಮಂದಿ ಕಂಡರೆ ನನಗೆ ಏನಾಗುತ್ತದೆ ಎಂದು ನಿನಗೆ ಗೊತ್ತು. ನಮ್ಮಪ್ಪನ ಡೀಸೆಲ್ ಗಿರಣಿ ನೆನಪಿದೆಯಲ್ಲ, ಹೊಗೆಯ ಕೊಳವೆಯ ಬಾಯಿಗೆ ಡಬ್ಬಿ ಸಿಗಿಸಿ ಕುಕ್ ಕುಕ್ ಎಂದು ಕೂಗಿಸುತ್ತಿದ್ದ. ಆ ಕೂಗು ಕೇಳಿದರೆ ಹೊಲದಲ್ಲಿದ್ದ ಹೆಂಗಸರೂ ಗಿರಣಿ ಶುರುವಾಯಿತೆಂದು ಮನೆ ಕಡೆ ಹೊರಡುತ್ತಿದ್ದರು. ತಬ್ರೇಜ ಸಣ್ಣವನಿದ್ದಾಗ ಆ ಕೂಗು ಕೇಳದೆ ಮಲಗುತ್ತಿರಲಿಲ್ಲ. ಕರೆಂಟಿನ ಗಿರಣಿ ಬಂದ ಮೇಲೆ ಕೂಗು ನಿಂತೇ ಹೋಯಿತು. ನಾನು ಅಡುಗೆಮನೆಗೆ ಓಡಿ ನೀನು ಬೆಣ್ಣೆ ಇಡುವ ಆ ಜರ್ಮನ್ ಡಬ್ಬಿ ತಂದೆ. ಹೌದು, ನಿನ್ನ ತವರಿನ ಅಲ್ಯುಮಿನಿಯಂ ಡಬ್ಬಿಯೇ. ಅದಕ್ಕೆ ತೂತು ಹೊಡೆದು ತಂತಿ ಕಟ್ಟಿ ಟ್ರ್ಯಾಕ್ಟರಿನ ಸೈಲೆನ್ಸರ್ ಮೇಲೆ ಸಿಗಿಸಿದೆ. ಬೈಯುವುದಿದ್ದರೆ ಸ್ವಲ್ಪ ತಡೆದು ಬೈಯಿ, ಮುಂದೆ ಆ ಡಬ್ಬಿಗೆ ನೀನೇ ಮುತ್ತು ಕೊಡುತ್ತೀ.

ಟ್ರ್ಯಾಕ್ಟರ್ ಶುರುವಾಯಿತು. ಡಬ್ಬಿ ಕುಕ್ ಕುಕ್ ಎಂದಿತು. ಮುದುಕಿಯರಿಗೆ ಹರೆಯ ಬಂದ ಹಾಗಾಯಿತು, ಶಮಶಾದಬಿ ಕೈ ಬಡಿದು ನಕ್ಕಳು. ಆ ನಗುವಿನ ಭರದಲ್ಲಿ ನಾನು ಒಳಗೆ ಹೋಗಿ ಜನರೇಟರಿನ ತಂತಿ ಬೋರ್ಡಿಗೆ ಜೋಡಿಸಿದೆ, ಗಿರಣಿ ಶುರುಮಾಡುವ ಹಿಡಿಕೆ ಎತ್ತಿದೆ. ಹೊರಗಿನ ಲೈನಿನ ಮೇನ್ ಸ್ವಿಚ್ ಇಳಿಸಲಿಲ್ಲ.

ನಮ್ಮೂರಲ್ಲಿ ಕರೆಂಟ್ ಹೋದರೆ ಯಾರು ಮೇನ್ ಇಳಿಸುತ್ತಾರೆ ಹೇಳು. ಇಳಿಸಿದರೆ ಬಂದದ್ದು ಗೊತ್ತಾಗಬೇಕು ಹೇಗೆ? ಎಲ್ಲ ಮನೆಯಲ್ಲೂ ಒಂದು ಬಲ್ಬಿನ ಗುಂಡಿ ಒತ್ತಿಯೇ ಇರುತ್ತದೆ, ಅದು ಉರಿದ ಕೂಡಲೇ "ಬಂತು" ಎಂದು ಓಣಿಯೆಲ್ಲ ಒದರುತ್ತದೆ. ನಮ್ಮ ಗಿರಣಿಯಲ್ಲೂ ಹಾಗೆಯೇ ಇತ್ತು. ಹುಟ್ಟಿದಾಗಿನಿಂದ ಹೀಗೆಯೇ ಕಾದವರು ನಾವು. ಮೇನ್ ಮೇಲಿದ್ದರೆ ಜನರೇಟರಿನ ಕರೆಂಟ್ ಗಿರಣಿಯಲ್ಲೇ ನಿಲ್ಲುವುದಿಲ್ಲ, ಉಲ್ಟಾ ಹೊರಗಿನ ತಂತಿಗೂ ಹೋಗುತ್ತದೆ ಎಂದು ತಬ್ರೇಜ ಒಮ್ಮೆ ಹೇಳಿದ್ದ. ನಾನು ಆಗಲೂ ಏನೋ ಒಂದು ಮಜಾಕು ಮಾಡಿ ಮುಗಿಸಿದ್ದೆ.

ಅವನು ಆ ದಿನ ಬೇರೆ ಹಳ್ಳಿಗೆ ಹೋಗಿದ್ದಾನೆ ಎಂದೇ ನನ್ನ ಲೆಕ್ಕ. ಆದರೆ ನೀರಿನ ಟಾಕಿಯದೂ ಮುಗಿದು, ದವಾಖಾನೆಯದೂ ಮುಗಿದು, ಗಿರಣಿಯ ಪಾಳಿ ಬಂದಿತ್ತು. ಯಾರಿಗೂ ಹೇಳದೆ ತೋಟದ ಕಡೆಯಿಂದ ಬಂದು ನಮ್ಮ ಲೈನಿನ ಕೊನೆಯ ಕಂಬ ಹತ್ತಿದ್ದ. ನನ್ನನ್ನು ಚಕಿತಗೊಳಿಸಬೇಕೆಂದು ಇರಬೇಕು. ಹತ್ತುವ ಮೊದಲು ಅವನ ಪದ್ಧತಿಯಂತೆ ಟ್ರಾನ್ಸ್‌ಫಾರ್ಮರಿನ ಫ್ಯೂಜ್ ಕಿತ್ತು ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಬಟ್ಟೆ ಒಗೆಯುವಾಗ ಫ್ಯೂಜ್ ಕೈಗೆ ಹತ್ತಿ ನೀನು ಬೈಯುತ್ತಿದ್ದೆಯಲ್ಲ, ಅದೇ. ಫ್ಯೂಜ್ ನನ್ನ ಕಿಸೆಯಲ್ಲಿದ್ದರೆ ನನ್ನ ಜೀವ ನನ್ನ ಕಿಸೆಯಲ್ಲಿದೆ ಎನ್ನುತ್ತಿದ್ದ. ಆ ಕಡೆಯಿಂದ ಕರೆಂಟ್ ಬರುವಂತೆಯೇ ಇರಲಿಲ್ಲ. ಈ ಕಡೆಯಿಂದ ಅಪ್ಪ ಕಳಿಸುತ್ತಾನೆ ಎಂದು ಅವನಿಗೇನು ಗೊತ್ತು. ಅವನು ಆ ತುದಿಯಿಂದ, ನಾನು ಈ ತುದಿಯಿಂದ, ಇಬ್ಬರೂ ಒಂದೇ ಗಿರಣಿ ಶುರುಮಾಡಲು ಹೊರಟಿದ್ದೆವು.

ಕಂಬದ ಮೇಲೆ ಅವನಿಗೆ ಕುಕ್ ಕುಕ್ ಕೇಳಿಸಿತು. ಶಬಾನಾಳ ಮುಂದೆ ಹೇಳಿದ್ದಾನೆ, ಅವಳು ನನಗೆ ಹೇಳಿದಳು. ಮೊದಲು ಅಜ್ಜನ ನೆನಪಾಗಿ ನಗು ಬಂತಂತೆ. ಕರೆಂಟಿಲ್ಲದ ಊರಲ್ಲಿ ಗಿರಣಿ ಕೂಗಬೇಕಾದರೆ ಜನರೇಟರ್ ಹಚ್ಚಿರಬೇಕು ಎನ್ನುವುದು ಹೊಳೆದದ್ದು ಆಮೇಲೆ. ಒದರಿದನಂತೆ, ನಮಗೆ ಯಾರಿಗೂ ಕೇಳಿಸಲಿಲ್ಲ. ಸೊಂಟದ ಹಗ್ಗ ಬಿಚ್ಚಿ, ಒಂದೆರಡು ಮಾರು ಜಾರಿ, ರಾಯರ ತೋಟದ ಕಡೆಗೆ ಜಿಗಿದುಬಿಟ್ಟ. ನಾನು ಹಿಡಿಕೆ ಎತ್ತಿದ್ದು ಆಗಲೇ. ಅವನು ಕೈಯಲ್ಲಿ ಹಿಡಿದಿದ್ದ ತಂತಿ ಕಂಬಕ್ಕೆ ಬಡಿದು ಚಟ್ ಚಟ್ ಎಂದು ಕಿಡಿ ಉಗುಳಿತು. ಹೊರಗೆ ಶಮಶಾದಬಿಯ ದನಿ ಕೇಳಿಸಿತು, "ಬಂದ್ ಮಾಡೋ ನಬಿಲಾಲ, ಕಂಬದ ಮ್ಯಾಲ ನಿನ್ನ ಮಗಾ ಇದ್ದ, ಬಂದ್ ಮಾಡೋ." ಇದ್ದ ಎಂದಳು ನೋಡು. ಆ ಒಂದು ಮಾತಿನಲ್ಲಿ ನಾನು ಗಿರಣಿಯ ಬಾಗಿಲಿನಿಂದ ತೋಟದವರೆಗೆ ಹೇಗೆ ಹೋದೆನೋ ನನಗೆ ತಿಳಿಯದು.

ಹಸಿ ನೆಲ ಇತ್ತು, ನಿಂಬೆಗಿಡ ಇತ್ತು, ಉಳಿದ. ಗಿಡ ಸೀಳಿ ಎರಡಾಗಿದೆ. ಡಬ್ಬಿ ಕೂಗದಿದ್ದರೆ, ಸಗೀರಾ, ನಾನು ಈ ಕಾಗದವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು. ನೋಡು, ನಿನ್ನ ಹೆಸರೇ ಬಂದುಬಿಟ್ಟಿತು ಬಾಯಿಗೆ. ತಿದ್ದುವುದಿಲ್ಲ, ಇರಲಿ.

ಅದೇ ಟ್ರ್ಯಾಕ್ಟರಿನಲ್ಲಿ ಹೊಲದ ಕೆಸರು ಹಾಯ್ದು ಸುತ್ತಿನ ದಾರಿ ಹಿಡಿದು ಇಂಡಿಗೆ ಒಯ್ದೆವು. ಅವನ ಸಾಹೇಬರು ಬಂದು ಹೇಗೆ ಬಿದ್ದೆ ಎಂದು ಕೇಳಿದರು. ಒಬ್ಬ ಕೂಡ ನನ್ನ ಕಡೆ ನೋಡಲಿಲ್ಲ, ಎಲ್ಲರೂ ನೋಡಿದ ಹಾಗೆ ನನಗೆ ಅನಿಸಿತು. ತಬ್ರೇಜ ಅಂದ, "ಮಳಿಗೆ ಕಂಬ ಪಾಚಿಗಟ್ಟಿತ್ತರಿ. ಕಾಲು ಜಾರಿತು." ಅಷ್ಟೇ. ಅವರು ಹೋದ ಮೇಲೆ ಮುಖ ಗೋಡೆಗೆ ತಿರುಗಿಸಿದ. ಆನಂದತೀರ್ಥ ರಾಯರು ಮುರಿದ ಗಿಡದ ಮಾತೇ ತೆಗೆಯಲಿಲ್ಲ. ನಾನೇ ತೆಗೆದದ್ದಕ್ಕೆ, "ಗಿಡಾ ಹೋಗ್ಲಿ ಬಿಡು ನಬಿಲಾಲ. ಮುಳ್ಳು ಮಾತ್ರ ನಮ್ಮವು, ಸೊಸಿ ತಗದದ್ದೆಲ್ಲಾ ವಾಪಸ್ ಕಳಸು" ಎಂದರು. ಊರಲ್ಲಿ ಮಜಾಕು ಮಾಡುವವನು ನಾನೊಬ್ಬನೇ ಎಂದು ತಿಳಿದಿದ್ದೆ. ಅವರು ಮಾಡಿದ್ದು ಕೇಳಿ ಅಳು ಬಂತು.

ಅವತ್ತಿನಿಂದ ತಬ್ರೇಜ ನನ್ನ ಜೊತೆ ಮಾತಾಡಿಲ್ಲ. ಬೈದರೆ ಬೈಸಿಕೊಳ್ಳುತ್ತಿದ್ದೆ, ಬೈಯುವುದೂ ಇಲ್ಲ. ನೀರು ಕೊಟ್ಟರೆ ಇಸಕೊಳ್ಳುತ್ತಾನೆ, ತಲೆದಿಂಬು ಸರಿಮಾಡಿದರೆ ತಲೆ ಎತ್ತುತ್ತಾನೆ, ಕಣ್ಣು ಮಾತ್ರ ಎತ್ತುವುದಿಲ್ಲ. ಏನು ಬೇಕಿದ್ದರೂ ಶಬಾನಾಳಿಗೆ ಹೇಳುತ್ತಾನೆ, ಅವಳಿಲ್ಲದಾಗ ಬೇಡವೇ ಬೇಡ. ನಾನು ಗೊತ್ತಿದ್ದ ಮಜಾಕೆಲ್ಲ ಮಾಡಿ ನೋಡಿದೆ. ಕಾಲಿನ ಪ್ಲಾಸ್ಟರ್ ನೋಡಿ, ಮನೆಗೆ ಸುಣ್ಣ ಹೊಡೆಸಬೇಕೆಂದಿದ್ದೆ, ನಿನ್ನಿಂದಲೇ ಶುರುಮಾಡಿದರು ಎಂದೆ. ಗೋಡೆ ನಕ್ಕಿತೋ ಏನೋ, ಅವನು ನಗಲಿಲ್ಲ. ಜನರೇಟರ್ ಅವತ್ತೇ ವಾಪಸ್ ಕಳಿಸಿದೆ. ಗಿರಣಿಯ ಮೇನ್ ಇಳಿಸಿ, ನಿನ್ನ ಹಳೆಯ ದುಪಟ್ಟಾದ ಚೂರಿನಿಂದ ಬಿಗಿಯಾಗಿ ಕಟ್ಟಿದ್ದೇನೆ. ಡಬ್ಬಿಗಳು ಕಟ್ಟೆಯ ಮೇಲೆ ಹಾಗೆಯೇ ಕುಳಿತಿವೆ, ಶಮಶಾದಬಿ ಬೀಸುತ್ತಲೇ ಇದ್ದಾಳೆ, ಆದರೆ ನನ್ನನ್ನು ಕಂಡರೆ ಈಗ ಕಲ್ಲು ನಿಲ್ಲಿಸುವುದಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ.

ಇವತ್ತು ಮುಂಜಾನೆ ಮುದ್ದೇಬಿಹಾಳ ಕಡೆಯ ಲೈನ್‌ಮನ್ನರು ನಮ್ಮ ಲೈನ್ ಮುಗಿಸಲು ಬಂದರು. ಫ್ಯೂಜ್ ಇನ್ನೂ ತಬ್ರೇಜನ ಕಿಸೆಯಲ್ಲೇ ಇತ್ತು. ತೆಗೆದುಕೊಟ್ಟು, ಮುಖ ಗೋಡೆಯ ಕಡೆಗೇ ಇಟ್ಟು ಹೇಳಿದ, "ಯಾರರ ಮನಿಮನಿಗೆ ಹೋಗಿ ಮೇನ್ ಇಳಸಾಕ ಹೇಳಿ ಬರ್ರಿ. ಆಮ್ಯಾಲ ಅವರು ಕಂಬ ಹತ್ತಲಿ." ಆ ಯಾರೋ ಒಬ್ಬ ನಾನೇ ಎಂದು ನನಗೆ ನಾನೇ ಅಂದುಕೊಂಡೆ. ಮತ್ಯಾರು ಇದ್ದರು ಅಲ್ಲಿ. ನಿನ್ನ ಜರ್ಮನ್ ಡಬ್ಬಿ ತೆಗೆದುಕೊಂಡು, ಕೋಲಿನಿಂದ ಬಡಿಯುತ್ತಾ ಓಣಿ ಓಣಿ ತಿರುಗಿದೆ. "ಮೇನ್ ಇಳಿಸ್ರಿ, ಕಂಬದ ಮ್ಯಾಲ ಮಂದಿ ಮಕ್ಕಳು ಅದಾರ, ಮೇನ್ ಇಳಿಸ್ರಿ." ಮಂದಿ ಇದೂ ನಬಿಲಾಲನ ಒಂದು ಆಟ ಎಂದು ನಗುತ್ತಾ ಹೊರಗೆ ಬಂದರು. ನಾನು ನಗಲಿಲ್ಲ. ಅವರು ನಗು ನಿಲ್ಲಿಸಿ ಒಳಗೆ ಹೋಗಿ ಇಳಿಸಿದರು. ಬಲ್ಬ್ ಉರಿಯದಿದ್ದರೆ ಬಂದದ್ದು ಹೇಗೆ ಗೊತ್ತಾಗಬೇಕು ಎಂದು ಒಬ್ಬ ಕೇಳಿದ. ಈ ಡಬ್ಬಿ ಬಡಿಯುತ್ತಾ ನಾನೇ ಬಂದು ಹೇಳುತ್ತೇನೆ ಎಂದೆ. ಒಂದೊಂದು ಮನೆಯಲ್ಲೂ ಇಳಿದದ್ದನ್ನು ಕಣ್ಣಿಂದ ನೋಡಿಯೇ ಮುಂದೆ ಹೋದೆ. ಡಬ್ಬಿ ಈಗ ನಗ್ಗಿ ನಗ್ಗಿ ನನ್ನ ಮುಖದ ಹಾಗೆಯೇ ಆಗಿದೆ. ಬೆಣ್ಣೆಗೆ ಬರುವುದಿಲ್ಲ, ಬೇರೆ ಕೊಡಿಸುತ್ತೇನೆ, ಇದನ್ನು ಮಾತ್ರ ಎಸೆಯಬೇಡ.

ತಿರುಗಾಡಿ ಬಂದು ಪಡಸಾಲೆಯಲ್ಲಿ, ಉರಿಯದ ಬಲ್ಬಿನ ಕೆಳಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕಂಬದ ಮೇಲೆ ಹುಡುಗರು ಕೆಲಸ ಮಾಡುತ್ತಿರುವುದು ಬಾಗಿಲಿನಿಂದ ಕಾಣುತ್ತದೆ. ಒಂದೊಂದು ಸಾಲು ಬರೆದು ತಲೆ ಎತ್ತಿ ಅವರನ್ನು ಎಣಿಸುತ್ತಿದ್ದೇನೆ. ನಿನ್ನ ಅವ್ವನಿಗೆ ನನ್ನ ಸಲಾಂ ಹೇಳು. ಹನಿ ಮರೆಯಬೇಡ, ನೀನೂ ಕಿವಿಗೆ ಬಟ್ಟೆ ಕಟ್ಟಿಕೋ. ಶಬಾನಾ ನಿನಗೆ ಸಲಾಂ ಹೇಳಿದ್ದಾಳೆ. ಅಲ್ಲಾಹ ಎಲ್ಲರ ಮಕ್ಕಳನ್ನೂ ಕಂಬದಿಂದ ಸುಖವಾಗಿ ಇಳಿಸಲಿ.

ನಿನ್ನ ಮನೆಯ ಮನುಷ್ಯ,
ನಬಿಲಾಲ

ಮರೆತಿದ್ದೆ: ಟೆಂಪೋ ಹೊರಗೆ ನಿಂತಿದೆ, ಖಾಜಾಸಾಬ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಅತ್ತಿಯ ಪಟ್ಟಿ ಬಿಚ್ಚಿದ ಕೂಡಲೇ ಇದೇ ಟೆಂಪೋದಲ್ಲಿ ಬಾ. ಅವನ ಕಾಲಿಗಾಗಿ ಅಲ್ಲ, ಕಾಲು ಕೂಡಿಕೊಳ್ಳುತ್ತದೆ. ತಪ್ಪಾಯಿತು ಎಂದು ಮಗನಿಗೆ ಹೇಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ನಗಿಸುವುದೊಂದು ಬಿಟ್ಟು ನಾನು ಏನೂ ಕಲಿಯಲೇ ಇಲ್ಲ. ಮೂರು ಸಲ ಅವನ ಹಾಸಿಗೆಯ ತನಕ ಹೋಗಿ, ಚಾದರ ಸರಿಮಾಡಿ ವಾಪಸ್ ಬಂದಿದ್ದೇನೆ. ನೀನು ಬಂದು ನನ್ನ ಪಕ್ಕ ಕುಳಿತರೆ ಹೇಳುತ್ತೇನೆ. ಕುಳಿತರೆ ಸಾಕು, ನೀನು ಏನೂ ಅನ್ನಬೇಡ.

ತಡಿ, ಒಳಗಿನಿಂದ ಯಾರೋ ಕರೆಯುತ್ತಿದ್ದಾರೆ. ಶಬಾನಾಳ ದನಿಯಲ್ಲ.

"ಅಪ್ಪಾ, ಊರಿಗೆಲ್ಲಾ ಡಬ್ಬಿ ಬಡದು ಬಂದಿ, ನಮ್ಮ ಮನಿ ಮೇನ್ ಇನ್ನಾ ಮ್ಯಾಲೇ ಐತಿ. ಅದನ್ನ ಇಳಿಸಿ ಊಟಕ್ಕ ಬಾ."

ಇಳಿಸಿ ಹೋಗುತ್ತೇನೆ.